ಹರಿಯದ ನೀರಿನ ನಾಲ್ಕು ಸೆಕೆಂಡು

ನನ್ನ ಆಯುಷ್ಯದಲ್ಲಿ ನಾಲ್ಕು ಸೆಕೆಂಡು ಹೆಚ್ಚಿಗೆ ಇವೆ. ಅವು ನಡೆದೇ ಇಲ್ಲ. ನಾನೇ ಪೆನ್ನಿನಲ್ಲಿ ಹುಟ್ಟಿಸಿದವು.

ಅವನ್ನು ಪೂರ್ತಿ ಮರೆತಿದ್ದೆ ಎಂದರೆ ಸುಳ್ಳಾಗುತ್ತದೆ. ಆದರೆ ಕಳೆದ ಭಾನುವಾರ ಸುಪ್ರಿಯಾ ನಮ್ಮನೆಯ ಊಟದ ಟೇಬಲ್ಲಿಗೆ ಕೂತು ಒಂದು ಮಾತು ಕೇಳುವವರೆಗೆ ಅವು ತಣ್ಣಗೆ ಮಲಗಿದ್ದವು.

ಸುಪ್ರಿಯಾ ಗದಗಿನ ಹುಡುಗಿ, ನನ್ನ ಅವ್ವನ ಗೆಳತಿಯ ಮಗಳು. ನಾನು ಓದಿದ ಯೂನಿವರ್ಸಿಟಿಯಲ್ಲೇ, ನಾನು ಓದಿದ ನೀರಿನ ಇಂಜಿನಿಯರಿಂಗನ್ನೇ ಓದಲು ಈ ಡಚ್ ದೇಶಕ್ಕೆ ಬಂದು ಎರಡು ತಿಂಗಳಾಯಿತು. ಭಾನುವಾರಕ್ಕೊಮ್ಮೆ ಟ್ರಾಮ್ ಹತ್ತಿ ಜೂಟರ್‌ಮೀರ್‌ನ ನಮ್ಮ ಮನೆಗೆ ಬರುತ್ತಾಳೆ. ನನ್ನ ಮೇಲಿನ ಪ್ರೀತಿ ಒಂದು ಕಾರಣ, ಜೋಳದ ರೊಟ್ಟಿ ಇನ್ನೊಂದು. (ಹಿಟ್ಟು ಊರಿಂದ ಬಂದದ್ದು. ಸುರಿನಾಮ್ ದೇಶದಿಂದ ಬಂದು ಇಲ್ಲಿ ನೆಲೆಸಿದವರ ಅಂಗಡಿಯ ಹಿಟ್ಟು ತಟ್ಟುವಾಗಲೇ ಬಿರಿಯುತ್ತದೆ.)

ಎರಡನೇ ರೊಟ್ಟಿ ಮುಗಿಸಿ ಕೇಳಿದಳು. "ಅಕ್ಕಾರ, ನಿಮ್ಮ ಹಳೀ ಲ್ಯಾಬ್ ರಿಪೋರ್ಟ್ ಅದಾವೇನ್ರಿ? ಒಮ್ಮೆ ನೋಡಿ ಕೊಡ್ತೀನಿ."

ನನ್ನ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು.

ಇಂಜಿನಿಯರಿಂಗ್ ಓದಿದವರಿಗೆ ಈ ಮಾತಿನ ಅರ್ಥ ಬಿಡಿಸಿ ಹೇಳಬೇಕೆ? 'ಒಮ್ಮೆ ನೋಡಿ ಕೊಡ್ತೀನಿ' ಎಂದರೆ ಒಮ್ಮೆ ನೋಡುವುದೂ ಅಲ್ಲ, ಕೊಡುವುದೂ ಅಲ್ಲ.

ಓದದವರಿಗಾಗಿ ಹೇಳುತ್ತೇನೆ. ನಾನು ಡಿಗ್ರಿ ಓದಿದ ನಮ್ಮ ಕಡೆಯ ಕಾಲೇಜಿನಲ್ಲಿ (ಯಾವ ಊರು ಎಂದು ಹೇಳುವುದಿಲ್ಲ, ನಮ್ಮ ಸರ್ ಇನ್ನೂ ಅಲ್ಲೇ ಇದ್ದಾರೆ) ಪ್ರತಿ ಲ್ಯಾಬಿಗೂ ಒಂದು 'ಸೀನಿಯರ್ ಜರ್ನಲ್' ಇರುತ್ತಿತ್ತು. ಕಂದು ಕಾಗದದ ಹೊದಿಕೆ ಹಾಕಿದ ಆ ಪ್ರಯೋಗದ ಪುಸ್ತಕ ಒಂದು ಬ್ಯಾಚಿನಿಂದ ಮುಂದಿನ ಬ್ಯಾಚಿಗೆ ಬಳುವಳಿಯಾಗಿ ಬರುತ್ತಿತ್ತು. ನಾವು ಮೊದಲು ಅದರಲ್ಲಿ ಉತ್ತರ ನೋಡುತ್ತಿದ್ದೆವು. ಆಮೇಲೆ ಹಿಂದಿನಿಂದ ಮುಂದಕ್ಕೆ ಲೆಕ್ಕ ಹಾಕಿ, ಆ ಉತ್ತರ ಬರಬೇಕಾದರೆ ರೀಡಿಂಗ್ ಎಷ್ಟಿರಬೇಕೋ ಅಷ್ಟು ಬರೆಯುತ್ತಿದ್ದೆವು. ಎಲ್ಲರದೂ ಒಂದೇ ಆದರೆ ಸಿಕ್ಕಿಬೀಳುತ್ತೇವಲ್ಲ? ಅದಕ್ಕೆ ಅಲ್ಲೊಂದು ಇಲ್ಲೊಂದು ಅಂಕಿ ಅತ್ತಿತ್ತ ಸರಿಸುವುದು. ಇದಕ್ಕೆ 'ರೀಡಿಂಗ್ ಹೊಂದಿಸೋದು' ಎಂದು ಹೆಸರು.

ಇದು ಮೋಸವೇ? ಆಗ ಯಾರಿಗೂ ಹಾಗನಿಸಿರಲಿಲ್ಲ. ಇಪ್ಪತ್ತು ಜನಕ್ಕೆ ಒಂದು ಸ್ಟಾಪ್‌ವಾಚ್. ನೀರು ತುಂಬುವ ತೊಟ್ಟಿ ಸೋರುತ್ತಿತ್ತು. ಕರೆಂಟು ಇದ್ದರೆ ಮೋಟಾರು ಕೆಟ್ಟಿರುತ್ತಿತ್ತು, ಮೋಟಾರು ನಡೆದರೆ ಕರೆಂಟು ಹೋಗುತ್ತಿತ್ತು. ಅಂಥಲ್ಲಿ ನಿಜವಾದ ರೀಡಿಂಗ್ ಬರೆದವರಿಗೆ ಸರ್ ಕೆಂಪು ಶಾಯಿಯಲ್ಲಿ 'ರಿಪೀಟ್' ಎಂದು ಬರೆಯುತ್ತಿದ್ದರು. ಹೊಂದಿಸಿದವರಿಗೆ ಹತ್ತಕ್ಕೆ ಹತ್ತು.

ನೀರಿನ ಲ್ಯಾಬಿನಲ್ಲಂತೂ ಒಂದು ಮಹಾಮಂತ್ರವೇ ಇತ್ತು. ಪಾಯಿಂಟ್ ಸಿಕ್ಸ್ ಟೂ. ಕಾಲುವೆಗೆ ಅಡ್ಡಲಾಗಿ ಒಂದು ತಗಡು ನಿಲ್ಲಿಸುತ್ತಾರೆ. ಅದರ ಮೇಲ್ಭಾಗದಲ್ಲಿ ಚೌಕಾಕಾರದ ಕಂಡಿ, ಇಂಗ್ಲಿಷಿನಲ್ಲಿ ನಾಚ್. ನೀರು ಆ ಕಂಡಿಯಿಂದ ಧುಮುಕುತ್ತದೆ. ಸೂತ್ರದ ಪ್ರಕಾರ ನೂರು ಲೀಟರ್ ಬೀಳಬೇಕಾದ ಕಡೆ ನಿಜಕ್ಕೂ ಬೀಳುವುದು ಸುಮಾರು ಅರವತ್ತೆರಡು. ಅದೇ ಪಾಯಿಂಟ್ ಸಿಕ್ಸ್ ಟೂ. ಮದುವೆಯಾದ ದಿನಾಂಕ ಮರೆತರೂ ಇದನ್ನು ಮರೆಯದ ಸಿವಿಲ್ ಇಂಜಿನಿಯರುಗಳನ್ನು ನಾನು ಬಲ್ಲೆ.

ಈ ಮಂತ್ರ ಕಟ್ಟಿಕೊಂಡೇ ಒಂಬತ್ತು ವರ್ಷದ ಹಿಂದೆ ನಾನು ಇಲ್ಲಿಗೆ ಬಂದಿಳಿದೆ.

ರೈಸ್‌ವೈಕ್‌ನಲ್ಲಿ ಒಂದು ಕೋಣೆ ಸಿಕ್ಕಿತ್ತು. ಅಲ್ಲಿಂದ ಯೂನಿವರ್ಸಿಟಿಗೆ ಕಾಲುವೆಯ ಪಕ್ಕದಲ್ಲೇ ಸೈಕಲ್ ದಾರಿ. ಬೆಳಗಿನ ಮಂಜಿನಲ್ಲಿ ಕಾಲುವೆ ಎಲ್ಲಿ ಮುಗಿಯುತ್ತದೆ, ಹುಲ್ಲು ಎಲ್ಲಿ ಶುರುವಾಗುತ್ತದೆ ಎಂದು ತಿಳಿಯುತ್ತಿರಲಿಲ್ಲ. ಹುಲ್ಲಿನ ಮೇಲೆ ಕುರಿಗಳ ಬೆನ್ನುಗಳು ಮಾತ್ರ ತೇಲುತ್ತಿದ್ದವು. ಒಂದು ದೋಣಿ ಸದ್ದಿಲ್ಲದೆ ನನ್ನ ಜೊತೆಗೇ ಬರುತ್ತಿತ್ತು, ಸೇತುವೆ ತಾನಾಗಿ ಎದ್ದು ಅದಕ್ಕೆ ದಾರಿ ಬಿಡುತ್ತಿತ್ತು, ನಾವೆಲ್ಲ ಸೈಕಲ್ ಇಳಿದು ಕಾಯುತ್ತಿದ್ದೆವು. ನಾನು ಕಾಯುತ್ತಿರಲಿಲ್ಲ, ಕನಸು ಕಾಣುತ್ತಿದ್ದೆ. ಸೇತುವೆ ಕೆಳಗಿಳಿದು ಎಲ್ಲರೂ ಹೋದ ಮೇಲೂ ನಾನು ಅಲ್ಲೇ ನಿಂತಿರುತ್ತಿದ್ದೆ.

ಇದು ನನ್ನ ಹುಟ್ಟುಗುಣ. ಮೂರನೇ ಇಯತ್ತೆಯಿಂದಲೂ ಕಿಟಕಿ ಪಕ್ಕ ಕೂರಿಸಬೇಡಿ ಎಂದು ಅವ್ವ ಶಾಲೆಗೆ ಹೋಗಿ ಹೇಳಿ ಬರುತ್ತಿದ್ದಳು. ಈಗಲೂ ಅಷ್ಟೇ. ಮೈಸೂರಿನವರಾದ ನನ್ನ ಮನೆಯವರು ದಿನಕ್ಕೊಮ್ಮೆಯಾದರೂ ಕೇಳುತ್ತಾರೆ, "ಎಲ್ ಹೋದೆ? ಸಾರು ಉಕ್ತಾ ಇದೆ ನೋಡು." ಈ ಗುಣ ಇಲ್ಲೇಕೆ ಹೇಳಿದೆ ಎಂದರೆ, ಆ ನಾಲ್ಕು ಸೆಕೆಂಡು ಹುಟ್ಟಿದ್ದು ಇದರಿಂದಲೇ.

ಮೊದಲ ಸೆಮಿಸ್ಟರಿನ ಮೊದಲ ಲ್ಯಾಬ್. ಎದುರಿಗೆ ಅದೇ ಕಾಲುವೆ, ಅದೇ ತಗಡು, ಅದೇ ಕಂಡಿ. ಆದರೆ ಕಾಲುವೆಯ ಗೋಡೆ ಗಾಜಿನದು. ನನಗೆ ತವರುಮನೆಗೆ ಬಂದ ಹಾಗಾಯಿತು. ಇಬ್ಬಿಬ್ಬರದು ಒಂದು ಜೋಡಿ, ಇಬ್ಬರಿಗೂ ಸೇರಿ ಒಂದು ರಿಪೋರ್ಟ್. ನನ್ನ ಜೊತೆಗಾರ ಯೊರಿಸ್ ಎಂಬ ಡಚ್ ಹುಡುಗ, ಬಾಗಿಲಲ್ಲಿ ತಲೆ ಬಗ್ಗಿಸಿ ಬರುವಷ್ಟು ಎತ್ತರ, ಮಾತು ಕಡಿಮೆ. ಅಳತೆ ತೆಗೆಯುವ ಗುರುವಾರ ಅವನಿಗೆ ಜ್ವರ. ನಾನೊಬ್ಬಳೇ ಹೋದೆ.

ತೊಟ್ಟಿಯಲ್ಲಿ ನೀರು ಹತ್ತು ಸೆಂಟಿಮೀಟರ್ ಏರಲು ಎಷ್ಟು ಸೆಕೆಂಡು ಬೇಕು? ಸ್ಟಾಪ್‌ವಾಚ್ ಒತ್ತಿದೆ. ಮೂವತ್ತೊಂದು. ಮತ್ತೆ ಒತ್ತಿದೆ. ಮೂವತ್ತೊಂದು. ಐದು ಸಲವೂ ಹೆಚ್ಚುಕಡಿಮೆ ಅಷ್ಟೇ. ರಫ್ ಹಾಳೆಯಲ್ಲಿ ಬರೆದುಕೊಂಡು ಲೆಕ್ಕ ಹಾಕಿದರೆ ಉತ್ತರ ಪಾಯಿಂಟ್ ಸೆವೆನ್.

ಪಾಯಿಂಟ್ ಸೆವೆನ್? ಸಾಧ್ಯವೇ ಇಲ್ಲ.

ನನಗೆ ತಕ್ಷಣ ಹೊಳೆದದ್ದು ಒಂದೇ. ನಾನು ಮತ್ತೆ ಎಲ್ಲೋ ಹೋಗಿದ್ದೆ. ಗಾಜಿನೊಳಗೆ ಬೆಳಕು ಬಿದ್ದ ನೀರು ನೋಡುತ್ತಾ ಮೈಮರೆತು ಶುರುವಿನ ಬಟನ್ ತಡವಾಗಿ ಒತ್ತಿದ್ದೇನೆ. ಜಗತ್ತಿನ ನೀರೆಲ್ಲ ಪಾಯಿಂಟ್ ಸಿಕ್ಸ್ ಟೂ ಪ್ರಕಾರ ಹರಿಯುತ್ತಿರುವಾಗ ತಪ್ಪು ನನ್ನದಲ್ಲದೆ ಇನ್ಯಾರದು? ಕೋಣೆಗೆ ಬಂದು ಹಿಂದಿನಿಂದ ಲೆಕ್ಕ ಹಾಕಿದೆ. ಮೂವತ್ತೈದು ಸೆಕೆಂಡು ಇದ್ದಿದ್ದರೆ ಸರಿಹೋಗುತ್ತಿತ್ತು. ಮೂವತ್ತೈದು ಮಾಡಿದೆ. ಒಂದು ಕಡೆ ಮೂವತ್ತನಾಲ್ಕೂವರೆ, ಇನ್ನೊಂದು ಕಡೆ ಮೂವತ್ತೈದೂ ಕಾಲು. ಕೈ ತಾನಾಗಿ ನಡೆಯಿತು. ರಿಪೋರ್ಟಿನ ಕೆಳಗೆ ಇಬ್ಬರ ಹೆಸರೂ ಹಾಕಿ ಕೊಟ್ಟುಬಿಟ್ಟೆ.

ಮುಂದಿನ ಮಂಗಳವಾರ ವಿಮ್ ಇಬ್ಬರನ್ನೂ ಕರೆಸಿದರು.

ವಿಮ್ ಪ್ರೊಫೆಸರ್ ಅಲ್ಲ, ಲ್ಯಾಬಿನ ಉಸ್ತುವಾರಿ. ನೀಲಿ ಓವರಾಲ್, ಜೇಬಿನಲ್ಲಿ ಮಡಚುವ ಅಳತೆಪಟ್ಟಿ. ಪಂಪು, ಪೈಪು, ತಗಡು ಎಲ್ಲವೂ ಅವರ ಕೈಕೆಳಗೆ. ನಾನು 'ಸರ್' ಎಂದರೆ ಹಿಂದೆ ಬೇರೆ ಯಾರೋ ಬಂದರೇನೋ ಎಂದು ತಿರುಗಿ ನೋಡುತ್ತಿದ್ದ ಮನುಷ್ಯ. ಅವರು ಕಾಫಿ ಕೊಟ್ಟು ರಿಪೋರ್ಟ್ ಮುಂದಿಟ್ಟರು.

"ತುಂಬಾ ಅಂದವಾದ ಉತ್ತರ. ಪುಸ್ತಕದಲ್ಲಿ ಇರುವಷ್ಟೇ ಅಂದ. ಇದು ನೀವು ಅಳೆದದ್ದಾ?"

ನಾನು ಬಾಯಿ ತೆರೆಯುವ ಮೊದಲೇ ಯೊರಿಸ್ ಹೇಳಿದ. "ನಾನು ಗುರುವಾರ ಇರಲಿಲ್ಲ. ಆದರೆ ಇವಳು ಬಹಳ ಜಾಗ್ರತೆಯವಳು. ಮೂವತ್ತೈದು ಅಂತ ಬರೆದಿದ್ದರೆ ಅದು ಮೂವತ್ತೈದೇ."

ವಿಮ್ ಎದ್ದು ಹೋಗಿ ಆ ತಗಡನ್ನು ತಂದು ಟೇಬಲ್ಲಿನ ಮೇಲಿಟ್ಟರು. ಕಂಡಿಯ ಅಂಚಿನ ಮೇಲೆ ಬೆರಳಾಡಿಸಲು ಹೇಳಿದರು. ಆಡಿಸಿದೆ. ಚೂಪಾಗಿರಬೇಕಾದ ಅಂಚು ನುಣ್ಣಗೆ ದುಂಡಗಿತ್ತು.

"ಬೇಸಿಗೆ ರಜೆಯಲ್ಲಿ ನಾನೇ ಅರ ಹಾಕಿ ಉಜ್ಜಿದ್ದು," ಎಂದರು. "ಅಂಚು ದುಂಡಗಾದರೆ ನೀರು ಹೆಚ್ಚು ಹರಿಯುತ್ತದೆ. ಪುಸ್ತಕದ ಉತ್ತರ ಈ ತಗಡಿನ ಮೇಲೆ ಬರುವುದಿಲ್ಲ. ಯಾಕೆ ಬರುವುದಿಲ್ಲ ಎಂದು ನೀವು ಬಂದು ಕೇಳಲಿ ಅಂತಲೇ ಇದನ್ನು ಮಾಡಿದ್ದು."

ನಾನು ಕಾಫಿ ಕೆಳಗಿಟ್ಟೆ.

"ಅಳತೆ ತಪ್ಪಿದ್ದರೆ ಮತ್ತೆ ಅಳೆಯಬಹುದು. ಹುಟ್ಟಿಸಿದ್ದಾದರೆ ಎಕ್ಸಾಮ್ ಕಮಿಟಿಗೆ ಹೋಗುತ್ತದೆ. ಕೆಳಗೆ ಇಬ್ಬರ ಹೆಸರಿದೆ."

ನೆಪಗಳು ಸಾಲುಗಟ್ಟಿ ಬಂದವು. ಸ್ಟಾಪ್‌ವಾಚ್ ಕೆಟ್ಟಿರಬಹುದು. ವಾಲ್ವ್ ಪೂರ್ತಿ ತೆರೆದಿರಲಿಲ್ಲ. ಒಂದು ಹೇಳಿದ್ದರೂ ವಿಮ್ ನಂಬುತ್ತಿದ್ದರೇನೋ, ಅವರು ನಂಬಲು ತಯಾರಿದ್ದ ಹಾಗೆ ಕಂಡರು. ನಿಜ ಹೇಳಿದರೆ ನನ್ನ ಒಂದು ವರ್ಷ ಹೋಗಬಹುದು. ವೀಸಾ ಹೋಗಬಹುದು. ಗದಗಿನ ಸ್ಟೇಷನ್ನಿನಲ್ಲಿ ಹಾರ ಹಾಕಿ ಕಳಿಸಿದ ಮಂದಿಗೆ ಏನು ಹೇಳುವುದು? ಆದರೆ ಪಕ್ಕದಲ್ಲಿ ಯೊರಿಸ್ ಕೂತಿದ್ದ. ಮೂವತ್ತೈದು ಎಂದರೆ ಮೂವತ್ತೈದೇ ಎಂದು ನನ್ನ ಪರ ನಿಂತವನು. ಪರಿಚಯವಾಗಿ ಐದು ವಾರ ಆಗಿರಲಿಲ್ಲ. ಅವನ ಮುಖ ನೋಡಲು ನನಗೆ ಆಗಲಿಲ್ಲ.

ಬ್ಯಾಗಿನಲ್ಲಿ ರಫ್ ಹಾಳೆ ಇತ್ತು. ಬರೆದ ಹಾಳೆ ಬಿಸಾಡಬಾರದು, ಅದು ಸರಸ್ವತಿ ಎಂದು ಅವ್ವ ಕಲಿಸಿದ್ದಳು. ಅಂಗಡಿ ಚೀಟಿಯನ್ನೂ ಎತ್ತಿಡುವ ಮನೆತನ ನಮ್ಮದು. ಆ ಹಾಳೆ ತೆಗೆದು ಮಡಿಕೆ ಬಿಡಿಸಿ ವಿಮ್ ಮುಂದೆ ಇಟ್ಟೆ. ಮೂವತ್ತೊಂದು, ಮೂವತ್ತೊಂದು, ಮೂವತ್ತೆರಡು, ಮೂವತ್ತು, ಮೂವತ್ತೊಂದು.

"ಇವು ನಾನು ಅಳೆದವು. ಅವು ನಾನು ಬರೆದವು. ಯೊರಿಸ್‌ಗೆ ಗೊತ್ತಿಲ್ಲ." ಇಷ್ಟು ಹೇಳುವಷ್ಟರಲ್ಲಿ ಕಣ್ಣೀರು ಬಂದಿತ್ತು. ನಾಚಿಕೆಯಿಂದ ಬಂದದ್ದು, ಹೆದರಿಕೆಯಿಂದಲ್ಲ.

ವಿಮ್ ಆ ಅಂಕಿಗಳ ಮೇಲೆ ಒಂದೊಂದಾಗಿ ಬೆರಳಿಟ್ಟು ನೋಡಿದರು. ಆಮೇಲೆ ಕೇಳಿದರು. "ಇದು ಇಷ್ಟು ಚೆನ್ನಾಗಿದೆಯಲ್ಲ. ಇದನ್ನು ಯಾಕೆ ಕೊಡಲಿಲ್ಲ?"

ನಮ್ಮಲ್ಲಿ ಇದಕ್ಕೆ 'ರಿಪೀಟ್' ಎಂದು ಬರೆಯುತ್ತಾರೆ ಎಂದು ಹೇಳಲೇ?

ಶುಕ್ರವಾರದವರೆಗೆ ನಾನು ಉಂಡದ್ದು ಉಣ್ಣದ್ದು ಗೊತ್ತಿಲ್ಲ. ಶುಕ್ರವಾರ ಆ ವಿಷಯ ಕಲಿಸುವ ಪ್ರೊಫೆಸರ್ ಕರೆದು ಕಮಿಟಿಯ ತೀರ್ಮಾನ ಹೇಳಿದರು. ನಾನಾಗಿ ಒಪ್ಪಿಕೊಂಡದ್ದರಿಂದ ಎಚ್ಚರಿಕೆಯ ಒಂದು ಪತ್ರ, ಆ ರಿಪೋರ್ಟಿಗೆ ಸೊನ್ನೆ, ಪ್ರಯೋಗ ಮತ್ತೆ ಮೊದಲಿನಿಂದ. ಯೊರಿಸ್‌ಗೆ ಪತ್ರ ಇಲ್ಲ, ಆದರೆ ಪ್ರಯೋಗ ಅವನೂ ಮತ್ತೆ ಮಾಡಬೇಕು. ಅವನು ಎರಡು ವಾರ ನನ್ನ ಜೊತೆ ಮಾತಾಡಲಿಲ್ಲ. ಮೂರನೇ ವಾರ ಬಂದು, "ನನಗೆ ಸಿಟ್ಟು ಬಂದಿತ್ತು. ಈಗ ಇಲ್ಲ," ಎಂದು ಹೇಳಿ ತನ್ನ ಬ್ರೆಡ್ಡು ತಿನ್ನತೊಡಗಿದ. (ಸಿಟ್ಟಿಗೆ ಇಷ್ಟು ಚೊಕ್ಕ ಲೆಕ್ಕ ಇಟ್ಟವರನ್ನು ನಾನು ನಮ್ಮ ಬಳಗದಲ್ಲಿ ಕಂಡಿಲ್ಲ. ನಮ್ಮಲ್ಲಿ ಮದುವೆಯಲ್ಲಿ ಬಂದ ಸಿಟ್ಟು ಮೊಮ್ಮಕ್ಕಳ ಜವಳದವರೆಗೆ ಇರುತ್ತದೆ.)

ವಿಮ್ ಮಾತ್ರ ನನಗೊಂದು ಬೇರೆ ಶಿಕ್ಷೆ ಕೊಟ್ಟರು. ಮೂರು ಮಧ್ಯಾಹ್ನ ಗಾಜಿನ ಕಾಲುವೆಯ ಮುಂದೆ ಕೂರಬೇಕು. ಸ್ಟಾಪ್‌ವಾಚ್ ಇಲ್ಲ, ಸ್ಕೇಲ್ ಇಲ್ಲ. ಕಂಡದ್ದನ್ನು ಬರೆಯಬೇಕು, ಅಂಕಿ ಬಳಸುವಂತಿಲ್ಲ.

ಜೀವನದಲ್ಲಿ ಮೊದಲ ಸಲ ಒಬ್ಬರು ನನ್ನನ್ನು ಕಿಟಕಿ ಪಕ್ಕ ಕೂರಿಸಿದ್ದರು.

ಮೊದಲ ದಿನ ಏನೂ ಕಾಣಲಿಲ್ಲ. ನೀರು ಬರುತ್ತದೆ, ಬೀಳುತ್ತದೆ, ಅಷ್ಟೇ. ಎರಡನೇ ದಿನ ಒಂದು ಸಣ್ಣ ಗುಳ್ಳೆ ಕಂಡಿತು. ಅದು ತಗಡಿನ ಹತ್ತಿರ ಬಂದಂತೆ ಮೊದಲು ನಿಧಾನವಾಗಿ, ಆಮೇಲೆ ಅವಸರಪಟ್ಟು, ಅಂಚಿನಲ್ಲಿ ಒಂದು ಕ್ಷಣ ತಡೆದು ಕೆಳಗೆ ಜಾರಿತು. ಮೂರನೇ ದಿನ ಗಾಜಿನ ಛಾವಣಿಯ ಮೇಲಿನ ಮೋಡ ಸರಿದು ಬಿಸಿಲು ಬಂತು. ನೀರು ಪೂರ್ತಿ ಬೆಳಗಿತು. ಆಗ ಕಂಡೆ. ದುಂಡಗಿನ ಅಂಚನ್ನು ಬಿಟ್ಟು ಹಾರಲು ನೀರಿಗೆ ಮನಸ್ಸಿರಲಿಲ್ಲ. ಅದು ಆ ಅಂಚನ್ನು ತಬ್ಬಿ, ಸವರಿ, ದಪ್ಪಗೆ ಹೊಟ್ಟೆ ಬಿಟ್ಟು ಇಳಿಯುತ್ತಿತ್ತು. ಓಹೋ, ಅದಕ್ಕೇ ಹೆಚ್ಚು ಹರಿಯುತ್ತಿದೆ. ಅದಕ್ಕೇ ತೊಟ್ಟಿ ಬೇಗ ತುಂಬುತ್ತಿದೆ. ಅದಕ್ಕೇ ಮೂವತ್ತೊಂದು.

ಹಾಗಾದರೆ ನಾನು ಬಟನ್ ತಡವಾಗಿ ಒತ್ತಿರಲಿಲ್ಲ. ಕನಸು ಕಾಣುತ್ತಿದ್ದ ನಾನು ಸರಿಯಾಗಿಯೇ ಅಳೆದಿದ್ದೆ, ಎಚ್ಚರವಾಗಿ ಕೂತು ಬರೆದ ನಾನು ಸುಳ್ಳು ಬರೆದಿದ್ದೆ. ಆ ಮಧ್ಯಾಹ್ನ ನನಗೆ ಆದ ಸಂತೋಷವನ್ನು ಯಾವ ಡಿಗ್ರಿಯೂ ಕೊಟ್ಟಿಲ್ಲ. ಗಾಜಿಗೆ ಹಣೆ ಹಚ್ಚಿ ಕೂತಿದ್ದೆ. ನೀರು ಬೀಳುತ್ತಲೇ ಇತ್ತು. ನಾನು ನೀರಿನ ಇಂಜಿನಿಯರ್ ಆದದ್ದು ಅವತ್ತು.

ನೋಡಿ, ಮತ್ತೆ ಎಲ್ಲೋ ಹೋದೆ. ರೊಟ್ಟಿ ಆರುತ್ತಿದೆ, ಸುಪ್ರಿಯಾ ಕಾಯುತ್ತಿದ್ದಾಳೆ.

"ರಿಪೋರ್ಟ್ ಯಾಕ ಬೇಕವಾ?" ಎಂದೆ.

ಅವಳು ತಟ್ಟೆಯಲ್ಲಿ ಶೇಂಗಾ ಹಿಂಡಿಯನ್ನು ಬೆರಳಿನಿಂದ ಅತ್ತಿತ್ತ ಮಾಡಿದಳು. "ನಾಚ್ ಪ್ರಯೋಗರಿ. ನನಗ ಪಾಯಿಂಟ್ ಫೈವ್ ಏಟ್ ಬರಾಕತ್ತೈತಿ. ನಾಕ್ ಸಲ ಮಾಡೇನ್ರಿ. ಬುಧವಾರ ರಿಪೋರ್ಟ್ ಕೊಡಬೇಕು. ಎಲ್ಲೆ ತಪ್ಪೇತೋ ಗೊತ್ತಾಗವಲ್ದು. ನಿಮ್ಮ ರೀಡಿಂಗ್ ಸಿಕ್ರ ಹೊಂದಿಸಿ ಕೊಟ್ಟುಬಿಡ್ತೀನಿ."

ಗದಗಿನಿಂದ ಇಲ್ಲಿಯವರೆಗೆ ಸೀನಿಯರ್ ಜರ್ನಲ್ ಕೇಳಿಕೊಂಡು ಬಂದ ದಾರಿ ಎಷ್ಟು ಉದ್ದ, ನೋಡಿ. ವಿಮ್ ನಿವೃತ್ತರಾಗಿ ಬಹಳ ಕಾಲವಾಗಿದೆ. ಆದರೆ ಅವರ ಜಾಗಕ್ಕೆ ಬಂದವರೂ ಬೇಸಿಗೆ ರಜೆಯಲ್ಲಿ ಸುಮ್ಮನೆ ಕೂರುವುದಿಲ್ಲ ಎಂದು ಕಾಣುತ್ತದೆ.

"ನೀರು ಹೆಂಗ ಬೀಳಾಕತ್ತಿತ್ತು?" ಎಂದು ಕೇಳಿದೆ.

ಅವಳಿಗೆ ಪ್ರಶ್ನೆ ಅರ್ಥವಾಗಲಿಲ್ಲ. "ನೋಡಿಲ್ರಿ," ಎಂದಳು. "ರೀಡಿಂಗ್ ತಗೊಂಡೆ."

ನಾನು ಒಳಗೆ ಹೋಗಿ ಕಪಾಟಿನಿಂದ ಫೈಲು ತಂದೆ. ರಿಪೋರ್ಟ್ ಕೊಡಲಿಲ್ಲ. ವಿಮ್ ಮರಳಿ ಕೊಟ್ಟಿದ್ದ ರಫ್ ಹಾಳೆ ಕೊಟ್ಟೆ. ಮಡಿಕೆಗಳಲ್ಲಿ ಸವೆದಿದೆ. ನಿಮಗೆ ಈಗ ಹೇಳಿದ ಕತೆಯನ್ನೇ ಅವಳಿಗೂ ಹೇಳಿದೆ. ಪೂರ್ತಿ ಕೇಳಿ, ಸಣ್ಣ ದನಿಯಲ್ಲಿ ಕೇಳಿದಳು. "ಹಂಗಾರ ನಂದು ಸರಿ ಐತೇನ್ರಿ?"

"ಗೊತ್ತಿಲ್ಲವಾ. ನಾ ನಿನ್ನ ನೀರು ನೋಡಿಲ್ಲ."

ಉತ್ತರ ಕಡಿಮೆ ಬರಲು ಎರಡು ಮೂರು ಕಾರಣ ನನಗೆ ಹೊಳೆದಿದ್ದವು. ನಾಲಿಗೆ ತುದಿಗೂ ಬಂದಿದ್ದವು. ಕಚ್ಚಿ ಹಿಡಿದೆ. ಹೇಳಿದ್ದರೆ ನಾನೂ ಒಂದು ಸೀನಿಯರ್ ಜರ್ನಲ್ ಆಗುತ್ತಿದ್ದೆ, ಅಷ್ಟೇ. ಅವಳು ಮುಖ ಸಣ್ಣದು ಮಾಡಿಕೊಂಡು ಟ್ರಾಮ್ ಹತ್ತಿದಳು. ಕಟ್ಟಿಕೊಟ್ಟ ರೊಟ್ಟಿಯನ್ನು ಬೇಡ ಎನ್ನಲಿಲ್ಲ, ಆದರೆ ಕೈ ಬೀಸಲೂ ಇಲ್ಲ. ಮನೆಯವರು, "ಪಾಪ, ಹೇಳ್ಬಿಡ್ಬಹುದಿತ್ತಲ್ವಾ," ಎಂದರು. ನನಗೂ ಸೋಮವಾರ ಇಡೀ ದಿನ ಆಫೀಸಿನಲ್ಲಿ ಅದೇ ಕೊರೆತ. ಆ ಹುಡುಗಿ ಬೇರೆ ಯಾರದಾದರೂ ರೀಡಿಂಗ್ ತಂದು ಹೊಂದಿಸಿ ಕೊಟ್ಟುಬಿಟ್ಟರೆ? ನನಗೆ ಸಿಕ್ಕಿದ ವಿಮ್ ಅವಳಿಗೂ ಸಿಗುತ್ತಾರೆಂದು ಏನು ಖಾತ್ರಿ?

ಇಲ್ಲಿಗೆ, ಮತ್ತು ಎಲ್ಲಿಗೇ ಆದರೂ, ಓದಲು ಹೊರಟ ಹುಡುಗ ಹುಡುಗಿಯರೇ, ನನಗೆ ಉಪದೇಶ ಮಾಡುವ ಚಟ ಇಲ್ಲ. (ಇದೆ. ನಮ್ಮನೆಯವರನ್ನು ಕೇಳಿ.) ಮಳೆಯ ಪ್ಯಾಂಟು ತನ್ನಿ, ಕೊಡೆ ತರಬೇಡಿ, ಇಲ್ಲಿಯ ಗಾಳಿ ಅದನ್ನು ಒಂದು ವಾರ ಉಳಿಸುವುದಿಲ್ಲ. ಮೇಷ್ಟ್ರನ್ನು ಹೆಸರು ಹಿಡಿದು ಕರೆಯಲು ನಿಮಗೆ ಒಂದು ತಿಂಗಳು ಬೇಕಾಗುತ್ತದೆ, 'ನನಗೆ ಗೊತ್ತಿಲ್ಲ' ಎನ್ನಲು ಒಂದು ವರ್ಷ. ಎರಡನೆಯದನ್ನು ಮೊದಲು ಕಲಿಯಿರಿ. ಬುದ್ಧಿವಂತರೆಂದೇ ನಿಮ್ಮನ್ನು ಕಳಿಸಿದ್ದಾರೆ, ಅದನ್ನು ದಿನಾ ರುಜುವಾತು ಮಾಡುವ ಕೆಲಸ ಇಲ್ಲಿ ಯಾರೂ ಕೊಟ್ಟಿಲ್ಲ. ರಫ್ ಹಾಳೆ ಇಟ್ಟುಕೊಳ್ಳಿ. ಮತ್ತು ದಿನಕ್ಕೆ ಒಂದರ್ಧ ತಾಸು ಕೆಲಸವಿಲ್ಲದೆ ಏನನ್ನಾದರೂ ನೋಡುತ್ತಾ ಕೂರಿ. ಸಿಲಬಸ್ಸಿನಲ್ಲಿ ಅದು ಇಲ್ಲ, ನನಗೆ ಗೊತ್ತು.

ಮಂಗಳವಾರ ಸಂಜೆ ಆಫೀಸಿನಿಂದ ಬರುವಾಗ ಟ್ರಾಮಿನಲ್ಲಿ ಮೊಬೈಲು ಕಂಪಿಸಿತು. ಸುಪ್ರಿಯಾಳ ವಾಟ್ಸಾಪ್. ಬರೆದದ್ದಲ್ಲ, ದನಿ. ಹಿಂದೆ ನೀರಿನ ಸದ್ದು ಕೇಳುತ್ತಿತ್ತು.

"ಅಕ್ಕಾರ, ಇವತ್ತ ರೀಡಿಂಗ್ ತಗೊಳ್ಳಲಿಲ್ರಿ. ಸುಮ್ನ ಬಾಜೂಕ ಕುಂತು ನೋಡಿದೆ. ತಾಸ್ ಮ್ಯಾಲ ಕುಂತಿದ್ದೆ. ತಗಡು ನೆಟ್ಟಗ ನಿಂತಿಲ್ರಿ. ನೀರು ಬರೋ ಕಡೀಗೆ ಚೂರು ವಾಲೇತಿ. ಅದಕ್ಕ ನೀರು ಕಡಿಮಿ ಬೀಳಾಕತ್ತೈತಿ. ನಂದು ಸರಿ ಐತ್ರಿ ಅಕ್ಕಾರ. ಫೈವ್ ಏಟ್ ಸರಿ ಐತಿ." ಕೊನೆಗೆ, "ಎಷ್ಟ್ ಚಂದ ಕಾಣ್ತೈತ್ರಿ ಇದು," ಎಂದಳು. ಆಮೇಲೆ ಬರೀ ನೀರು.

ಆ ನೀರಿನ ಸದ್ದನ್ನು ನಾನು ಮತ್ತೆ ಮತ್ತೆ ಕೇಳಿದೆ. ನನ್ನ ಸ್ಟಾಪು ಬಂದು ಹೋಗಿತ್ತು. ಮುಂದಿನದರಲ್ಲಿ ಇಳಿದು ಕಾಲುವೆಯ ದಂಡೆಯ ಮೇಲೆ ಹಿಂದಕ್ಕೆ ನಡೆದು ಬಂದೆ.

ನಿಮ್ಮ ಮನೆಯ ಅಟ್ಟದಲ್ಲೂ ಕಂದು ಕಾಗದ ಹೊದಿಸಿದ ಒಂದು ಜರ್ನಲ್ ಇರಬಹುದು, ಹತ್ತಕ್ಕೆ ಹತ್ತು ಬಂದದ್ದು. ಇವತ್ತು ಅದನ್ನು ಇಳಿಸಿ ನೋಡಿ. ಅದರಲ್ಲಿರುವ ಸೆಕೆಂಡುಗಳಲ್ಲಿ ನೀವು ನಿಜವಾಗಿ ಬದುಕಿದ್ದು ಎಷ್ಟು?